ಅಳಿವೆಗೆ ಒಡ್ಡೋ, ಹರಿವಿಗೆ ಟರ್ಬೈನೋ?

ಉಬ್ಬರವಿಳಿತದಿಂದ ವಿದ್ಯುತ್ ತೆಗೆಯಲು ಯಾವ ದಾರಿ ಹಿಡಿಯಲಿ ಎಂದು ಕೇಳಿದ್ದೀರಿ. ಮೊದಲು ಕಡಲು ಎಂಥದ್ದೆಂದು ನೋಡಬೇಕು.

ಫ್ರಾನ್ಸಿನಲ್ಲಿ ರಾನ್ಸ್ ನದಿ ಕಡಲು ಸೇರುವ ಅಳಿವೆಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಲ್ಲಿ 24 ಟರ್ಬೈನ್‌ಗಳಿವೆ, ಒಟ್ಟು 240 ಮೆಗಾವ್ಯಾಟ್. ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸರಾಸರಿ 8 ಮೀಟರ್ ಅಂತರ; ಒಡ್ಡು ದುಡಿಯುವುದು ಈ ಎತ್ತರದಿಂದಲೇ. ಸ್ಕಾಟ್ಲೆಂಡಿನ ಮೇಜೆನ್ ಯೋಜನೆಯಲ್ಲಿ ಒಡ್ಡೇ ಇಲ್ಲ. ಪೆಂಟ್‌ಲ್ಯಾಂಡ್ ಜಲಸಂಧಿಯ ತಳದಲ್ಲಿ ನಿಲ್ಲಿಸಿದ ನಾಲ್ಕು ಟರ್ಬೈನ್‌ಗಳನ್ನು ನೀರಿನ ಸೆಳೆತವೇ ತಿರುಗಿಸುತ್ತದೆ, ಒಟ್ಟು 6 ಮೆಗಾವ್ಯಾಟ್.

ಒಡ್ಡಿಗೆ ಹಣವೆಲ್ಲ ಮೊದಲೇ ಸುರಿಯಬೇಕು. ಆದರೆ ಬಾಳಿಕೆ ದೊಡ್ಡದು: 1966ರ ರಾನ್ಸ್ ಅರ್ಧ ಶತಮಾನ ದಾಟಿಯೂ ದುಡಿದಿದೆ. ಹರಿವಿನ ಟರ್ಬೈನ್‌ಗಳನ್ನು ಕೈಲಾದಷ್ಟು, ಒಂದೊಂದಾಗಿ ಇಳಿಸಬಹುದು. ಆದರೆ ಕೆಟ್ಟರೆ ಹಡಗು ತರಿಸಿ, ಸೆಳೆತ ತಗ್ಗಿದ ಅಲ್ಪ ಹೊತ್ತಿನಲ್ಲೇ ಎತ್ತಬೇಕು.

ನನ್ನನ್ನು ಹೆಚ್ಚು ಕಾಡುವುದು ಅಳಿವೆಯ ಪಾಡು. ರಾನ್ಸ್ ಕಟ್ಟುವಾಗ ಸುಮಾರು ಮೂರು ವರ್ಷ ಅಳಿವೆಯನ್ನು ಕಡಲಿನಿಂದ ಮುಚ್ಚಿಟ್ಟರು. ಅಲ್ಲಿನ ಜೀವಜಾಲ ಬಹುಪಾಲು ಅಳಿಯಿತು, ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಹೂಳಿನ ತೊಂದರೆ ಆಮೇಲೂ ಬಿಡಲಿಲ್ಲ. ದಕ್ಷಿಣ ಕೊರಿಯಾದ ಸಿಹ್ವಾದಲ್ಲಿ ಇದು ತಿರುವುಮುರುವಾಯಿತು: 1994ರಲ್ಲೇ ಮುಗಿದಿದ್ದ ಕಡಲಗೋಡೆಯ ಹಿಂದಿನ ಸರೋವರದಲ್ಲಿ ನೀರು ಕೊಳೆಯುತ್ತಿತ್ತು. 2011ರಲ್ಲಿ 254 ಮೆಗಾವ್ಯಾಟ್ ಸ್ಥಾವರ ಶುರುವಾಗಿ ಕಡಲನೀರು ಒಳಹೊರಗೆ ಹರಿದಾಡಿದ ಮೇಲೆ ಸರೋವರ ಸುಧಾರಿಸಿತು.

ಹಾಗಾಗಿ ಗೋಡೆ ಈಗಾಗಲೇ ಇದ್ದು, ಉಬ್ಬರವೂ ಎತ್ತರವಿದ್ದರೆ ಒಡ್ಡಿನ ದಾರಿಯೇ ಸರಿ. ಮೀನು, ಹಕ್ಕಿ ತುಂಬಿದ ಅಳಿವೆಯನ್ನು ಮುಟ್ಟಬೇಡಿ. ಹತ್ತಿರದಲ್ಲಿ ಇಕ್ಕಟ್ಟಾದ, ರಭಸದ ಜಲಸಂಧಿಯಿದ್ದರೆ ಅಲ್ಲಿ ಟರ್ಬೈನ್ ಇಳಿಸಿ. ಕರ್ನಾಟಕದ ಕರಾವಳಿಯಂತೆ ಉಬ್ಬರ ಎರಡು ಮೀಟರಿನ ಒಳಗೇ ಇರುವ ಕಡೆ ಒಡ್ಡಿನ ಯೋಚನೆ ಬಿಡಿ.