ದಾರ ಸುತ್ತಿ ಗರಿ ಕಟ್ಟಿದ ಬಾಣಗಳು: ಎರಡು ವರ್ಷ ಬಳಸಿದ ಮೇಲೆ

ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬಂದ ಮೇಲೆ ಹತ್ತಿದ ಹುಚ್ಚು ಇದು. ಪೋರ್ಟ್ಸ್‌ಮತ್‌ನಲ್ಲಿ ಮೇರಿ ರೋಸ್ ಹಡಗಿನ ಬಾಣಗಳನ್ನು ನೋಡಿ ಸುಮ್ನೆ ಮನೆಗೆ ಬರಬೇಕಿತ್ತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಯುದ್ಧದ ಹಡಗು. ಗರಿಗಳು ಕೊಳೆತು ಹೋಗಿವೆ, ಆದರೆ ದಾರ ಸುತ್ತಿದ ಗುರುತು ಕಡ್ಡಿಗಳ ಮೇಲೆ ಇನ್ನೂ ಇದೆ! ಅದೇ ಮಾದರಿಯಲ್ಲಿ ಕೈಯಲ್ಲೇ ಮಾಡಿದ ಆರು ಬಾಣ ತರಿಸಿದೆ.

ಒಂದೊಂದಕ್ಕೆ ಹೆಬ್ಬಾತಿನ ಮೂರು ಗರಿ. ಜೇನುಮೇಣಕ್ಕೆ ತಾಮ್ರದ ಕಿಲುಬು ಬೆರೆಸಿದ ಹಸಿರು ಅಂಟು, ಅದರ ಮೇಲೆ ಗರಿಯ ಎಳೆಗಳ ನಡುವೆ ಹಾದು ಹೋಗುವ ರೇಷ್ಮೆ ದಾರ. ನೋಡೋಕೆ ಬಲು ಚೆಂದ. ಮೊದಲ ಚಳಿಗಾಲದಲ್ಲೇ ಮೇಣ ಬಿರುಕು ಬಿಟ್ಟಿತು, ಆದರೂ ಒಂದು ಗರಿಯೂ ಬೀಳಲಿಲ್ಲ, ಹಿಡಿದಿದ್ದು ದಾರವೇ. ಮಳೆಯಲ್ಲಿ ಗರಿ ಒದ್ದೆಯಾಗಿ ಮುದ್ದೆಯಾದರೆ ಕುದಿಯೋ ಕೆಟಲ್ ಹಬೆಗೆ ಒಂದು ಗಳಿಗೆ ಹಿಡಿಯಿರಿ, ಮತ್ತೆ ನೆಟ್ಟಗಾಗುತ್ತೆ.

ಬೇಜಾರಾಗಿದ್ದು ನಾಲ್ಕನೇ ಬಾಣದಲ್ಲಿ. ಎಷ್ಟು ಗುರಿಯಿಟ್ಟರೂ ಬಾಲ ಅಲ್ಲಾಡಿಸ್ಕೊಂಡು ಹೋಗುತ್ತಿತ್ತು. ಬೆಳಕಿಗೆ ಹಿಡಿದು ನೋಡಿದರೆ ಎರಡು ಗರಿಯ ಹೊಳಪಿನ ಮುಖ ಒಂದು ಕಡೆ, ಮೂರನೆಯದು ಅದಕ್ಕೆ ಉಲ್ಟಾ. ಅಂದ್ರೆ ಎಡ ರೆಕ್ಕೆಯದ್ದು, ಬಲ ರೆಕ್ಕೆಯದ್ದು ಬೆರೆಸಿ ಕಟ್ಟಿದ್ದಾರೆ. ಮೂರೂ ಒಂದೇ ಕಡೆಯ ರೆಕ್ಕೆಯದ್ದಾಗಿರಬೇಕು ಅನ್ನೋದು ಈ ಕಸುಬಿನ ಮೊದಲ ಪಾಠ ಅಲ್ವಾ? ಮಾರಿದವರಿಗೆ ಬರೆದರೆ 'ಅಷ್ಟೇನೂ ವ್ಯತ್ಯಾಸ ಆಗಲ್ಲ' ಅಂತ ಉತ್ತರ ಬಂತು.

ಇನ್ನೊಂದರಲ್ಲಿ ಮುಂದುಗಡೆಯ ಸುತ್ತು ಸಡಿಲವಾಗಿತ್ತು. ನಾನು ಬಳಸೋ ಲಾಂಗ್‌ಬೋ ಅನ್ನೋ ಹಳೇ ಮಾದರಿಯ ಉದ್ದ ಬಿಲ್ಲಿನಲ್ಲಿ ಬಾಣ ನಮ್ಮ ಕೈ ಮೇಲೇ ಜಾರಿ ಹೋಗೋದು, ಎದ್ದ ಗರಿದಂಟು ಹೆಬ್ಬೆರಳಿನ ಬುಡವನ್ನು ಬ್ಲೇಡಿನ ಹಾಗೆ ಕೊಯ್ದು ಹೋಯಿತು. ಅದಕ್ಕೇ ಮುಂತುದಿಯಲ್ಲಿ ದಾರ ಒತ್ತೊತ್ತಾಗಿ ಸುತ್ತೋದು.

ಕೊನೆಗೆ ಎರಡನ್ನೂ ಬಿಚ್ಚಿ ನಾನೇ ಕಟ್ಟಿದೆ. ಊರು ರಾಮನಗರ ಆಗಿದ್ದಕ್ಕೆ ಒಂದು ಲಾಭ, ಹುರಿ ಹಾಕಿದ ರೇಷ್ಮೆ ನೂಲನ್ನು ಭಾವ ಕಳಿಸಿಕೊಟ್ಟರು. ದಾರದ ತುದಿ ಹಲ್ಲಲ್ಲಿ ಕಚ್ಚಿ, ಎಡಗೈಲಿ ಬಾಣ ತಿರುಗಿಸುತ್ತಾ, ಸೂಜಿಯಿಂದ ಎಳೆ ಬಿಡಿಸಿ ಸಂದಿಯಲ್ಲಿ ದಾರ ಇಳಿಸಬೇಕು. ಅವಸರ ಮಾಡಿದರೆ ಎಳೆಗಳು ಒತ್ತಿಹೋಗಿ ಗರಿ ಹಲ್ಲು ಮುರಿದ ಬಾಚಣಿಗೆ ತರ ಕಾಣುತ್ತೆ. ಮೊದಲನೆಯದಕ್ಕೆ ಒಂದಿಡೀ ಭಾನುವಾರ ಹೋಯಿತು.

ನನ್ನ ಕಡೆಯಿಂದ ಐದಕ್ಕೆ ಮೂರು. ಕಡ್ಡಿಗಳು ಅಪ್ಪಟ ನೇರ, ಒಂದೂ ಬಾಗಿಲ್ಲ. ಮುಂದಿನ ಸಲ ಕಡ್ಡಿ ಮಾತ್ರ ತಗೋತೀನಿ, ಗರಿ ನಾನೇ ಕಟ್ಟಿಕೊಳ್ತೀನಿ.