ಆಷಾಢದ ಗಾಳಿ ನೋಡಿ ಗಾಳಿಯಂತ್ರಕ್ಕೆ ಅಡ್ವಾನ್ಸ್ ಕೊಡಬೇಡಿ

ಹೊಲದಲ್ಲಿ ಸಣ್ಣ ಗಾಳಿಯಂತ್ರ ಹಾಕಿಸಿ, ಕರೆಂಟ್ ಮಾರಿ ತಿಂಗಳು ತಿಂಗಳು ದುಡ್ಡು ಎಣಿಸಿ ಅಂತ ನಿಮ್ಮ ಹತ್ತಿರವೂ ಯಾರಾದರೂ ಬಂದಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ನಾಲ್ಕೂವರೆ ಲಕ್ಷ ಹಾಕಿದೆ. ಅದರಲ್ಲಿ ಮೂರು ಲಕ್ಷ ಸಾಲ. ಒಂದು ರೂಪಾಯಿಯ ಕರೆಂಟೂ ಮಾರಾಟ ಆಗಿಲ್ಲ.

ನಮ್ಮದು ಗದಗ ಜಿಲ್ಲೆ. ಕಪ್ಪತಗುಡ್ಡದ ಕಡೆ ಬಂದವರಿಗೆ ಅಲ್ಲಿಯ ದೊಡ್ಡ ದೊಡ್ಡ ಫ್ಯಾನುಗಳು ಗೊತ್ತಿರುತ್ತವೆ. ದಿನಾ ಅವನ್ನು ನೋಡುವ ನಮಗೆ, ನಮ್ಮ ಹೊಲದಲ್ಲೂ ಒಂದು ಇದ್ದರೆ ಅನ್ನಿಸುತ್ತದೆ, ಅಲ್ವಾ? ಏಜೆಂಟ್ ಬಂದದ್ದು ಆಷಾಢದಲ್ಲಿ. ಹೆಗಲ ಮೇಲಿನ ಟವೆಲ್ ನಿಲ್ಲದಂಥ ಗಾಳಿ. "ಅಣ್ಣಾರ, ಇಷ್ಟ ಗಾಳಿ ಸುಮ್ನ ಹಾಳಾಗಾಕತ್ತೈತಲ್ರಿ" ಅಂದ. ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟ. 3 ಕಿಲೋವ್ಯಾಟ್ ಯಂತ್ರ, 24 ಗಂಟೆ, ದಿನಕ್ಕೆ 72 ಯೂನಿಟ್. ಯೂನಿಟ್‌ಗೆ 5 ರೂಪಾಯಿ ಹಿಡಿದರೂ ತಿಂಗಳಿಗೆ 10,800.

ಆ ಲೆಕ್ಕವೇ ಮೋಸ. ನನ್ನ ಯಂತ್ರ 3 ಕಿಲೋವ್ಯಾಟ್ ಕೊಡುವುದು ಗಾಳಿ ಸೆಕೆಂಡಿಗೆ 11 ಮೀಟರ್ ಬೀಸಿದಾಗ ಮಾತ್ರ. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಬೀಳುತ್ತದೆ. ಅಂದರೆ 3,000 ವ್ಯಾಟ್ ಬರಬೇಕಾದ ಕಡೆ ಸುಮಾರು 375. ಆಷಾಢ, ಶ್ರಾವಣದಲ್ಲಿ ಒಳ್ಳೇ ದಿನ 10-12 ಯೂನಿಟ್ ಬಂತು. ದೀಪಾವಳಿ ದಾಟಿದ ಮೇಲೆ ದಿನಕ್ಕೆ ಒಂದು ಯೂನಿಟ್ ಕಂಡರೆ ಹೆಚ್ಚು. ಇಡೀ ವರ್ಷಕ್ಕೆ ಬಂದದ್ದು 1,140 ಯೂನಿಟ್.

ಕಂಬದ ಎತ್ತರವನ್ನೂ ನಾನು ಯೋಚಿಸಿರಲಿಲ್ಲ. ನನ್ನದು 12 ಮೀಟರ್. ಪಕ್ಕದ ಬೇವಿನ ಮರಗಳು ಹೆಚ್ಚುಕಡಿಮೆ ಅಷ್ಟೇ ಎತ್ತರ. ಸುತ್ತ ನೂರು ಮೀಟರಿನಲ್ಲಿರುವ ಮರ, ಮನೆಗಳಿಗಿಂತ ರೆಕ್ಕೆ 10 ಮೀಟರ್ ಆದರೂ ಮೇಲಿರಬೇಕು ಅಂತ ಈ ಕೆಲಸ ಬಲ್ಲವರು ಹೇಳುತ್ತಾರೆ. ಏಜೆಂಟ್ ಆ ಮಾತೇ ಎತ್ತಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮಾರಾಟದಲ್ಲಿ. "ಪರ್ಮಿಷನ್ ಎಲ್ಲಾ ನಾವ ಮಾಡಿಸ್ತೀವ್ರಿ" ಅಂದಿದ್ದ. ಇನ್ವರ್ಟರ್ ತಂದು ನೇರವಾಗಿ ಮನೆಯ ಲೈನಿಗೆ ಕೂಡಿಸಿ ಹೋದ. ಇದು ಕರೆಂಟ್ ಹೋದಾಗ ದೀಪ ಉರಿಸುವ ಬ್ಯಾಟರಿ ಇನ್ವರ್ಟರ್ ಅಲ್ಲ, ಯಂತ್ರದ ಕರೆಂಟನ್ನು ಲೈನಿಗೆ ಹೊಂದಿಸಿ ಬಿಡುವ ಪೆಟ್ಟಿಗೆ. ಫೈಲ್ ನಡೀತಾ ಇದೆ ಅಂತ ಒಂದು ವರ್ಷ ಕಳೆದ. ಅಷ್ಟರಲ್ಲಿ ಗೃಹಜ್ಯೋತಿಯಿಂದ ಸೊನ್ನೆ ಬರುತ್ತಿದ್ದ ನಮ್ಮ ಬಿಲ್ಲಿಗೆ ದುಡ್ಡು ಕಟ್ಟಬೇಕಾಗಿ ಬಂತು. ವಿಚಾರಿಸಿದರೆ ಗೊತ್ತಾಯಿತು, ಎಷ್ಟೋ ಸಾದಾ ಮೀಟರ್‌ಗಳು ಮನೆಯಿಂದ ಲೈನಿಗೆ ಹೋದ ಯೂನಿಟ್ಟನ್ನೂ ಬಳಸಿದ್ದು ಅಂತಲೇ ಎಣಿಸುತ್ತವೆ. ನಮ್ಮದೂ ಅಂಥದ್ದೇ. ನಾನು ಕೊಟ್ಟ ಕರೆಂಟಿಗೆ ನಾನೇ ದುಡ್ಡು ಕಟ್ಟಿದೆ.

ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋದೆ. ನನ್ನ ಹೆಸರಿನಲ್ಲಿ ಅರ್ಜಿಯೇ ಬಂದಿರಲಿಲ್ಲ. ಛಾವಣಿ ಮೇಲಿನ ಸೋಲಾರ್‌ಗೆ ಅರ್ಜಿ ಇದೆ, ಎರಡೂ ಕಡೆ ಎಣಿಸುವ ಮೀಟರ್ ಇದೆ. ಗಾಳಿಯಂತ್ರ ಅಂದ ಕೂಡಲೇ ಅಲ್ಲಿಯವರು ಮುಖ ಮುಖ ನೋಡಿಕೊಂಡರು. ಗುಡ್ಡದ ಮೇಲಿನ ಕಂಪನಿಗಳು ಒಪ್ಪಂದ ಮಾಡಿಕೊಂಡು ಸಬ್‌ಸ್ಟೇಷನ್ನಿಗೆ ಲೈನ್ ಎಳೆದು ಕರೆಂಟ್ ಕೊಡುತ್ತವೆ. ನನ್ನ ಒಂದು ಕಂಬಕ್ಕೆ ಅದು ಆಗುವ ಮಾತಲ್ಲ. "ಯಜಮಾನ್ರ, ಹಾಕಸೂದಕ್ಕಿಂತ ಮೊದಲ ಒಂದ್ ಮಾತ ಕೇಳಬಾರದೇನ್ರಿ?" ಅಂದರು. ಮರುದಿನವೇ ಲೈನ್‌ಮನ್ ಬಂದು ವೈರ್ ಬಿಚ್ಚಿಸಿದ. ಅವನದು ತಪ್ಪಿಲ್ಲ. ಪರ್ಮಿಷನ್ ಇಲ್ಲದ ಕರೆಂಟ್ ಲೈನಿಗೆ ಹರಿದರೆ ಕಂಬದ ಮೇಲಿರುವ ಅವನ ಜೀವಕ್ಕೇ ಅಪಾಯ.

ಅದೇ ಕಾರಣಕ್ಕೆ ಊರ ಕರೆಂಟ್ ಹೋದರೆ ಇಂಥ ಇನ್ವರ್ಟರ್ ತಾನೂ ನಿಲ್ಲಬೇಕು. ವೈರ್ ಬಿಚ್ಚಿಸುವ ಮೊದಲಿನ ಒಂದು ರಾತ್ರಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಜೋರು ಗಾಳಿ, ಮಳೆ. ಕರೆಂಟ್ ಹೋಯಿತು. ಇನ್ವರ್ಟರಿನ ಹಸಿರು ದೀಪ ಆರಿತು. ಹೊರೆ ತಪ್ಪಿದ ರೆಕ್ಕೆಗಳು ತಗಡು ಹರಿದ ಹಾಗೆ ಕಿರುಚುತ್ತಾ ತಿರುಗತೊಡಗಿದವು. ತಾನಾಗಿ ಬೀಳಬೇಕಿದ್ದ ಬ್ರೇಕ್ ಬೀಳಲಿಲ್ಲ. ಕಂಬದ ಬುಡಕ್ಕೆ ಓಡಿ ಬ್ರೇಕ್ ಸ್ವಿಚ್ ತಿರುಗಿಸಿದೆ. ಬಾಗಿಲಲ್ಲಿ ನಿಂತ ಅವ್ವ "ಹತ್ರ ಹೋಗಬ್ಯಾಡೋ" ಅಂತ ಕೂಗುತ್ತಲೇ ಇದ್ದಳು.

ನೀವು ಹಾಕಿಸುವುದೇ ಆದರೆ, ಮೊದಲು ನಿಮ್ಮ ಸೆಕ್ಷನ್ ಆಫೀಸಿಗೆ ನೀವೇ ಹೋಗಿ. ಕೊಳ್ಳುತ್ತೇವೆ, ಇಂತಿಷ್ಟು ದರ ಅಂತ ಬರಹದಲ್ಲಿ ಬರಲಿ. ಏಜೆಂಟ್ ತೋರಿಸುವ ಜೆರಾಕ್ಸ್ ನಂಬಬೇಡಿ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಸಣ್ಣ ಯಂತ್ರಗಳನ್ನು ತಮಿಳುನಾಡಿನ ಕಯತ್ತಾರಿನಲ್ಲಿ ಪರೀಕ್ಷೆ ಮಾಡುತ್ತದೆ. ನಿಮಗೆ ಮಾರುವ ಮಾಡೆಲ್‌ಗೆ ಆ ವರದಿ ಇದೆಯಾ ಕೇಳಿ. ನನ್ನದಕ್ಕೆ ಇರಲಿಲ್ಲ. ಪಂಪ್‌ಸೆಟ್‌ಗೆ 10 ಎಚ್‌ಪಿವರೆಗೆ ಕರೆಂಟ್ ಉಚಿತ ಇರುವಾಗ, ಬಿಲ್ ಉಳಿಯುತ್ತದೆ ಅನ್ನುವ ಮಾತಿಗೂ ಮರುಳಾಗಬೇಡಿ.

ಕಳೆದ ವಾರ ಪಕ್ಕದ ಊರಿನ ಹಿರಿಯರೊಬ್ಬರು ಮನೆಗೆ ಬಂದಿದ್ದರು. ಕೈಯಲ್ಲಿ ಅದೇ 72 ಯೂನಿಟ್ಟಿನ ಚೀಟಿ, ಅದೇ ಅಕ್ಷರ. ಕಂಬದ ಬುಡದ ಪೆಟ್ಟಿಗೆ ತೆಗೆದು ಮೀಟರ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲವಂತೆ.