ಗೊತ್ತಿರುವ ಕಥೆ, ಆದರೂ ಬೆವರು: ಧಾರವಾಡದಲ್ಲಿ ನೋಡಿದ ‘ಈಡಿಪಸ್’

ಹವ್ಯಾಸಿ ತಂಡವೊಂದು ಧಾರವಾಡದಲ್ಲಿ ಆಡಿದ ‘ಈಡಿಪಸ್’ ನೋಡಿ ಬಂದೆ. ಟಿಕೆಟ್ 100 ರೂಪಾಯಿ, ದುಡ್ಡಿಗೆ ಮೋಸ ಇಲ್ಲ. ಹಿನ್ನೆಲೆ ಸಂಗೀತದವರ ಮೇಲೆ ಮಾತ್ರ ಸಿಟ್ಟಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಈ ನಾಟಕ ಬರೆದದ್ದು ಕ್ರಿ.ಪೂ. 429ರ ಆಸುಪಾಸಿನಲ್ಲಿ. ಅಪ್ಪನನ್ನು ಕೊಂದು ತಾಯಿಯನ್ನೇ ಮದುವೆಯಾದವನ ಕಥೆ ಅಂತ ಅವತ್ತಿನ ಅಥೆನ್ಸ್ ಜನಕ್ಕೂ ಗೊತ್ತಿತ್ತು. ಮತ್ತೆ ಸಸ್ಪೆನ್ಸ್ ಎಲ್ಲಿಂದ ಬರಬೇಕು ಅಂತೀರಾ? ನಮ್ಮ ಕಡೆ ಸಂಗ್ಯಾ ಬಾಳ್ಯಾ ನೋಡಲು ಕೂತವರಿಗೆ ಸಂಗ್ಯಾ ಸಾಯುತ್ತಾನೆ ಅಂತ ಮೊದಲೇ ಗೊತ್ತಿರುತ್ತದೆ ಅಲ್ವಾ, ಆದರೂ ಯಾರೂ ಎದ್ದು ಹೋಗುವುದಿಲ್ಲ. ಇಲ್ಲೂ ಅಷ್ಟೇ. ನಮಗೆ ಗೊತ್ತು, ಈಡಿಪಸ್‌ಗೆ ಗೊತ್ತಿಲ್ಲ, ಯಾವಾಗ ಗೊತ್ತಾಗುತ್ತದೋ ಅಂತ ಕಾಯುತ್ತಾ ಕೂರಬೇಕು.

ಸೊಫೊಕ್ಲಿಸ್‌ನ ಧೈರ್ಯ ನೋಡಿ, ಗುಟ್ಟನ್ನು ಬಚ್ಚಿಡುವುದೇ ಇಲ್ಲ. ರಾಜ ಈಡಿಪಸ್ ತನಗಿಂತ ಹಿಂದಿನ ರಾಜನನ್ನು ಕೊಂದವನನ್ನು ಹುಡುಕುತ್ತಿದ್ದಾನೆ. ಶುರುವಿನಲ್ಲೇ ಭವಿಷ್ಯ ಹೇಳುವ ಕುರುಡ ಟೈರೀಸಿಯಸ್ ಬಂದು ‘ನೀನು ಹುಡುಕುತ್ತಿರುವ ಕೊಲೆಗಾರ ನೀನೇ’ ಅಂತ ಮುಖಕ್ಕೇ ಹೇಳಿಬಿಡುತ್ತಾನೆ. ಈಡಿಪಸ್ ನಂಬುವುದಿಲ್ಲ, ಎಲ್ಲ ಭಾವಮೈದುನ ಕ್ರಿಯೋನನ ಪಿತೂರಿ ಅಂತ ಕೂಗಾಡುತ್ತಾನೆ. ಆಮೇಲೆ ಸಮಾಧಾನ ಹೇಳಲು ಬಂದವರ ಮಾತೇ ಕುಣಿಕೆಯನ್ನು ಬಿಗಿ ಮಾಡುತ್ತಾ ಹೋಗುತ್ತದೆ. ಭವಿಷ್ಯವಾಣಿ ಎಲ್ಲ ಸುಳ್ಳು, ಆ ಹಿಂದಿನ ರಾಜ, ನನ್ನ ಮೊದಲ ಗಂಡ, ಮಗನ ಕೈಯಲ್ಲೇ ಸಾಯುತ್ತಾನೆ ಅಂದಿದ್ದರು, ಆ ಕೂಸನ್ನು ಪಾದ ಕಟ್ಟಿ ಬಿಸಾಡಿಸಿದೆವು, ಆದರೆ ಅವನನ್ನು ಮೂರು ದಾರಿ ಕೂಡುವಲ್ಲಿ ಕಳ್ಳರು ಕೊಂದರು ಅನ್ನುತ್ತಾಳೆ ಹೆಂಡತಿ ಯೊಕಾಸ್ಟಾ. ಅಂಥದ್ದೇ ಜಾಗದಲ್ಲಿ ಇವನು ಒಬ್ಬ ಮುದುಕನನ್ನು ಹೊಡೆದು ಹಾಕಿದ್ದಾನೆ! ಉಳಿದದ್ದು ಒಂದೇ ಆಸೆ. ಕೊಂದವರು ಹಲವರು ಅಂತ ಬದುಕಿ ಬಂದ ಆಳು ಹೇಳಿದ್ದ, ಆ ಮಾತಿಗೆ ಅವನು ಅಂಟಿಕೊಂಡರೆ ಸಾಕು.

ಈಡಿಪಸ್ ಬೆಳೆದ ಊರು ಕಾರಿಂತ್‌ನಿಂದ ಬರುವ ದೂತನ ದೃಶ್ಯವಂತೂ ಸೂಪರ್. ನಗುನಗುತ್ತಾ ಬರುತ್ತಾನೆ. ನಿಮ್ಮಪ್ಪ ಪಾಲಿಬಸ್ ವಯಸ್ಸಾಗಿ ತೀರಿಕೊಂಡ ಅಂದಾಗ ಈಡಿಪಸ್‌ಗೆ ಖುಷಿಯೇ. ಅಪ್ಪನನ್ನು ಕೊಂದು ತಾಯಿಯನ್ನು ಮದುವೆಯಾಗುತ್ತೀ ಅಂತ ಅವನಿಗೂ ಭವಿಷ್ಯವಾಣಿ ಇತ್ತು, ಅಪ್ಪನನ್ನು ಕೊಲ್ಲುವ ಭಯ ತಪ್ಪಿತಲ್ಲ. ತಾಯಿಯ ಭಯವನ್ನೂ ಬಿಡಿಸೋಣ ಅಂತ ದೂತ, ಅವರು ನಿನ್ನ ಹೆತ್ತವರೇ ಅಲ್ಲ, ಪಾದ ಚುಚ್ಚಿ ಕಟ್ಟಿದ್ದ ಕೂಸನ್ನು ಅವರ ಕೈಗೆ ಕೊಟ್ಟವನು ನಾನೇ ಅನ್ನುತ್ತಾನೆ. ಅರಿಸ್ಟಾಟಲ್ ಕೂಡ ಸನ್ನಿವೇಶ ಇದ್ದಕ್ಕಿದ್ದಂತೆ ತಿರುಗುವುದಕ್ಕೆ ಇದೇ ದೃಶ್ಯದ ಉದಾಹರಣೆ ಕೊಟ್ಟಿದ್ದಾನೆ. ಮಾತೆಲ್ಲ ಈ ಇಬ್ಬರು ಗಂಡಸರದ್ದು, ಆದರೆ ನಾನು ನೋಡುತ್ತಿದ್ದದ್ದು ಯೊಕಾಸ್ಟಾಳನ್ನು. ಸುಮ್ನೆ ಬಳೆ ತಿರುಗಿಸುತ್ತಾ ನಿಂತಿದ್ದವಳ ಕೈ ‘ಪಾದ’ ಅನ್ನುವ ಮಾತಿಗೆ ನಿಂತುಬಿಟ್ಟಿತು. ಅವಳಿಗೆ ಗೊತ್ತಾಯಿತು, ಅವನಿಗೆ ಇನ್ನೂ ಇಲ್ಲ. ಪಕ್ಕದ ಅಜ್ಜಿ ‘ಅಯ್ಯ, ಇನ್ನ ಕೇಳಬ್ಯಾಡೋ ಮಾರಾಯಾ’ ಅಂತ ಗೊಣಗಿದರು. ಯೊಕಾಸ್ಟಾ ಕೇಳಿಕೊಳ್ಳುವುದೂ ಅದನ್ನೇ.

ಇಂಥಾ ಹೊತ್ತಲ್ಲಿ ಕೀಬೋರ್ಡಿನವರು ‘ಢಂ’ ಅನಿಸಬೇಕಾ? ಆ ಕೈ ನಿಂತದ್ದೇ ಸಾಕಾಗಿತ್ತು. ಹೆದರಿಕೊಳ್ಳಿ ಅಂತ ನಮಗೆ ಹೇಳಿಕೊಡಬೇಕಿಲ್ಲ.

ಕುರಿಗಾಹಿ ಬಂದಾಗ ಪುಣ್ಯಕ್ಕೆ ಸಂಗೀತ ಇರಲಿಲ್ಲ. ಕೊಲೆ ಕಂಡ ಆಳೂ ಅವನೇ, ಕೂಸನ್ನು ಆ ದೂತನಿಗೆ ಕೊಟ್ಟವನೂ ಅವನೇ, ಹಾಗಾಗಿ ಬಾಯಿ ಬಿಡಲು ಒಲ್ಲೆ ಅನ್ನುತ್ತಾನೆ. ಪಾತ್ರಧಾರಿ ಪ್ರತಿ ಉತ್ತರಕ್ಕೂ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದ, ಚೆನ್ನಾಗಿತ್ತು. ನಿಜ ತಿಳಿದ ಈಡಿಪಸ್ ಕಣ್ಣು ಕಿತ್ತುಕೊಳ್ಳುವುದು ಮೂಲದಲ್ಲೂ ರಂಗದ ಮೇಲೆ ನಡೆಯುವುದಿಲ್ಲ, ಇನ್ನೊಬ್ಬ ಬಂದು ವರದಿ ಹೇಳುತ್ತಾನೆ. ಆ ಭಾಗವನ್ನು ಇವರು ಗಡಿಬಿಡಿಯಲ್ಲಿ ಮುಗಿಸಿದರು. ನಾಟಕಕ್ಕೆ ಮುಂಚಿನ ಭಾಷಣಗಳೇ ಜಾಸ್ತಿ ಆಗಿದ್ದವು, ಪಾಪ.

ಮತ್ತೆ ಆಡಿದರೆ ಖಂಡಿತ ಹೋಗಿ. ಸ್ಪೀಕರ್ ಪಕ್ಕ ಮಾತ್ರ ಕೂರಬೇಡಿ.